ಶುದ್ಧ ಮಾಡುವ ಗೋಜು ಬಿಟ್ಟೆ, ಆಂಟಿಫ್ರೀಜ್ ಪ್ರೋಟೀನ್ ಮಾರಾಟವಾಯಿತು

ಆಂಟಿಫ್ರೀಜ್ ಪ್ರೋಟೀನ್ ಅಂದರೆ ಐಸಿನ ಹರಳಿಗೆ ಅಂಟಿಕೊಂಡು ಅದು ಬೆಳೆಯದಂತೆ ತಡೆಯುವ ಪ್ರೋಟೀನ್. ಗೋಧಿ ಹುಲ್ಲಿನ ಕಚ್ಚಾ ಸಾರವನ್ನು ಆ ಹೆಸರಿನಲ್ಲಿ ದುಡ್ಡು ಕೊಟ್ಟು ಯಾರೂ ಕೊಳ್ಳುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಈಗ ಫ್ರೋಜನ್ ಹಿಟ್ಟು (ಕಲಸಿ ಹೆಪ್ಪುಗಟ್ಟಿಸಿದ ಬ್ರೆಡ್ ಹಿಟ್ಟು) ಮಾಡುವ ಮೂರ್ನಾಲ್ಕು ಕಾರ್ಖಾನೆಗಳು ತಿಂಗಳು ತಿಂಗಳು ತರಿಸಿಕೊಳ್ಳುತ್ತಿವೆ. ಖರ್ಚು ಕಳೆದು ಕೈಯಲ್ಲಿ ಹಣ ಉಳಿಯುತ್ತಿದೆ. ಹೇಗೆ ಮಾಡಿದೆ ಅಂತ ಬರೆಯುತ್ತೇನೆ. ಥರ್ಮಲ್ ಹಿಸ್ಟೆರಿಸಿಸ್ ಅಂದರೆ ಹೆಪ್ಪುಗಟ್ಟುವ ಉಷ್ಣತೆಯನ್ನು ಕರಗುವ ಉಷ್ಣತೆಗಿಂತ ಕೆಳಗೆ ಇಳಿಸುವ ಗುಣ, ಸ್ಪ್ಲ್ಯಾಟ್ ಪರೀಕ್ಷೆ ಅಂದರೆ ಐಸಿನ ಹರಳು ಎಷ್ಟು ಬೆಳೆಯುತ್ತದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದಕ್ಕಿಂತ ಹೆಚ್ಚಿನ ಪಾಠ ಇಲ್ಲಿ ಬೇಡ.

ಈ ಧಂಧೆಗೆ ಇಳಿಯುವವರನ್ನು ಮೊದಲು ಸೆಳೆಯುವುದು ಮಿಲಿಗ್ರಾಂ ಬೆಲೆ. ನನ್ನನ್ನೂ ಸೆಳೆದದ್ದು ಅದೇ. 1969ರಲ್ಲಿ ವಿಜ್ಞಾನಿ ಆರ್ಥರ್ ಡೆವ್ರೀಸ್ ಅಂಟಾರ್ಕ್ಟಿಕಾದ ಮೀನಿನ ರಕ್ತದಲ್ಲಿ ತೋರಿಸಿಕೊಟ್ಟ ಆ ಆಂಟಿಫ್ರೀಜ್ ಗ್ಲೈಕೊಪ್ರೋಟೀನ್ (ಸಕ್ಕರೆ ಅಂಟಿದ ಪ್ರೋಟೀನ್) ಗ್ರಾಂ ಲೆಕ್ಕ ಹಾಕಿದರೆ ಚಿನ್ನವನ್ನೂ ಮೀರಿಸುತ್ತದೆ. ಆದರೆ ಆ ಬೆಲೆಗೆ ಕೊಳ್ಳುವವರು ಕೊಳ್ಳುವುದೂ ಮಿಲಿಗ್ರಾಂ ಲೆಕ್ಕದಲ್ಲೇ. ಒಂದು ಲ್ಯಾಬ್ ಒಮ್ಮೆ ತರಿಸಿಕೊಂಡರೆ ವರ್ಷಕ್ಕೆ ಸಾಕು. ನಾನು ಮೊದಲು ಹಾಕಿದ ಬಂಡವಾಳದ ಹೆಚ್ಚೂಕಡಿಮೆ ಮುಕ್ಕಾಲು ಭಾಗ ಪ್ರೋಟೀನ್ ಶುದ್ಧ ಮಾಡುವ ಕಾಲಮ್ಮು, ರೆಸಿನ್ನು, ಫ್ರೀಜ್ ಡ್ರೈಯರಿಗೇ ಹೋಯಿತು. ಬಂದ ಆರ್ಡರುಗಳ ಹಣದಲ್ಲಿ ಫ್ರೀಜ್ ಡ್ರೈಯರಿನ ಕರೆಂಟ್ ಬಿಲ್ಲೂ ಸರಿಯಾಗಿ ಹುಟ್ಟಲಿಲ್ಲ.

ಕೋಲ್ಡ್ ಫಿಂಗರ್ ದಾರಿಯನ್ನೂ ನೋಡಿದೆ. ತಣ್ಣಗೆ ಮಾಡಿದ ಬೆರಳಿನಂಥ ಕೊಳವೆಯ ಮೇಲೆ ಐಸ್ ನಿಧಾನಕ್ಕೆ ಬೆಳೆಸುತ್ತಾ ಹೋದರೆ ಪ್ರೋಟೀನ್ ತಾನಾಗಿ ಬಂದು ಐಸಿಗೆ ಅಂಟಿಕೊಳ್ಳುತ್ತದೆ. ಸರಕು ಬಹಳ ಚೆಂದ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬ್ಯಾಚಿಗೆ ಒಂದೆರಡು ದಿನ ಬೇಕು, ಲೀಟರುಗಳ ಲೆಕ್ಕಕ್ಕೆ ಹೋದರೆ ತಣಿಸುವ ಯಂತ್ರವೇ ಬೆಟ್ಟದಷ್ಟು ದೊಡ್ಡದಾಗಬೇಕು. ಯಾರಾದರೂ ಖರ್ಚು ಉಳಿಸಲು ಫ್ರೀಜ್ ಕಾನ್ಸಂಟ್ರೇಶನ್ (ಸಾರದ ನೀರನ್ನು ಐಸ್ ಮಾಡಿ ತೆಗೆದು ಗಟ್ಟಿ ಮಾಡುವುದು) ಮಾಡುತ್ತೇನೆ ಅಂದರೆ ತಡೆಯಿರಿ. ಐಸನ್ನು ತೆಗೆದು ಬಿಸಾಡುವಾಗ ನಮ್ಮ ಪ್ರೋಟೀನೂ ಅದರ ಜೊತೆಗೇ ಹೋಗುತ್ತದೆ. ಸಾರ ಗಟ್ಟಿ ಮಾಡಲು ನಾನು ಈಗ ಅಲ್ಟ್ರಾಫಿಲ್ಟ್ರೇಶನ್ ಮೆಂಬ್ರೇನ್ (ನೀರನ್ನು ಬಿಟ್ಟು ಪ್ರೋಟೀನ್ ತಡೆಯುವ ಪೊರೆ) ಮಾತ್ರ ಬಳಸುತ್ತೇನೆ.

ಮೀನಿನ ಪ್ರೋಟೀನನ್ನು ಕೈಬಿಡಲು ಕಾರಣ ಲೇಬಲ್ಲು. ಯೂನಿಲಿವರ್‌ನವರು ಓಷನ್ ಪೌಟ್ ಮೀನಿನ ಟೈಪ್ 3 ಪ್ರೋಟೀನನ್ನು ಬೇಕರಿ ಈಸ್ಟಿನಲ್ಲಿ ಬೆಳೆಸಿ ಐಸ್‌ಕ್ರೀಮಿಗೆ ತಂದರು. 2003ರಲ್ಲಿ ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಕರಾರು ಎತ್ತಲಿಲ್ಲ, 2009ರಲ್ಲಿ ಯುರೋಪು ಒಪ್ಪಿತು. ಹಾಕಬಹುದಾದದ್ದು 0.01 ಶೇಕಡಾವರೆಗೆ, ಅಷ್ಟು ಚೂರು ಸಾಕು. ಅವರ ಹತ್ತಿರ ಫರ್ಮೆಂಟರ್ ಇತ್ತು, ಕಾಗದಪತ್ರ ನೋಡುವ ದೊಡ್ಡ ತಂಡ ಇತ್ತು. ನನ್ನಂಥ ಸಣ್ಣವನು ಜೀನ್ ಬದಲಿಸಿದ ಈಸ್ಟ್ ಹಿಡಿದು ಪರವಾನಗಿಗೆ ಅಲೆದರೆ ಬಂಡವಾಳ ಅಲ್ಲೇ ಕರಗುತ್ತದೆ. ಮೀನಿನಿಂದಲೇ ನೇರವಾಗಿ ತೆಗೆದರೆ ಮೀನಿನ ಅಲರ್ಜಿ ಅಂತ ಲೇಬಲ್ಲಿನಲ್ಲಿ ಬರೆಯಬೇಕು. ಬ್ರೆಡ್ಡಿನ ಮೇಲೆ ಮೀನು ಅಂತ ಬರೆಯಲು ಯಾರು ಒಪ್ಪುತ್ತಾರೆ?

ಗೋಧಿ ಹುಲ್ಲು ಹೊಳೆದದ್ದು ಅಲ್ಲೇ. ಬ್ರೆಡ್ ಹಿಟ್ಟಿನಲ್ಲಿ ಗೋಧಿ ಹೇಗೂ ಇದೆ, ಲೇಬಲ್ಲಿನಲ್ಲಿ ಹೊಸ ಅಲರ್ಜಿ ಬರುವುದಿಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಚಳಿಗಾಲದ ಗೋಧಿ ಹುಲ್ಲಿನ ಸಾರ ಐಸ್‌ಕ್ರೀಮಿನ ಹರಳು ಬೆಳೆಯದಂತೆ ತಡೆಯುತ್ತದೆ ಅಂತ 2006ರಲ್ಲೇ ತೋರಿಸಿದ್ದರು. ಥರ್ಮಲ್ ಹಿಸ್ಟೆರಿಸಿಸ್‌ನಲ್ಲಿ ಗಿಡದ ಪ್ರೋಟೀನು ತೀರಾ ಬಡವ. ಮೀನು ಒಂದು ಡಿಗ್ರಿ ಆಸುಪಾಸು ಕೊಟ್ಟರೆ ಇದು ಅದರ ಅರ್ಧವನ್ನೂ ಮುಟ್ಟುವುದು ಕಷ್ಟ. ಆದರೆ ಫ್ರೀಜರಿನ ಆಹಾರಕ್ಕೆ ಹಿಸ್ಟೆರಿಸಿಸ್ ಯಾಕೆ ಬೇಕು? ಅದು ಹೇಗೂ ಮೈನಸ್ 18ಕ್ಕೆ ಹೆಪ್ಪುಗಟ್ಟಿಯೇ ಇರುತ್ತದೆ. ಬೇಕಾದದ್ದು ಸಣ್ಣ ಹರಳು ದೊಡ್ಡದಾಗದಂತೆ ತಡೆಯುವ ಶಕ್ತಿ. ಅದರಲ್ಲಿ ಹುಲ್ಲು ಹುಲಿ.

ಬೆಳೆಸುವುದರಲ್ಲಿ ದುಡ್ಡು ಎಲ್ಲಿ ಸೋರುತ್ತದೆ ಹೇಳುತ್ತೇನೆ. ಚಳಿಗಾಲದ ತಳಿಯೇ ಬೇಕು, ವಸಂತದ ತಳಿಯಲ್ಲಿ ನನಗೆ ಕೈಗೆ ಹತ್ತುವಷ್ಟು ಸಿಗಲಿಲ್ಲ. ಟ್ರೇಯಲ್ಲಿ ಒಂದು ವಾರ ಹತ್ತು ದಿನ ಸಾಮಾನ್ಯ ಉಷ್ಣತೆಯಲ್ಲಿ ಬೆಳೆಸಿ, ಆಮೇಲೆ 4 ಡಿಗ್ರಿಯ ಕೋಣೆಯಲ್ಲಿ ನಾಲ್ಕೈದು ವಾರ ಇಡುತ್ತೇನೆ. ಬೆಳಕೂ ಬೇಕು. ಆ ಬೆಳಕಿನ ಶಾಖಕ್ಕೆ ಕೋಣೆಯ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಅಂದರೆ ಬೆಳಕಿಗೆ ಒಮ್ಮೆ, ಅದರ ಬಿಸಿ ತೆಗೆಯಲು ಇನ್ನೊಮ್ಮೆ ಕರೆಂಟಿಗೆ ಕೊಡುತ್ತೇವೆ. ಬೆಳಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆ, ಸಾರದ ಬಲ ಹೆಚ್ಚೇನೂ ಕುಗ್ಗಲಿಲ್ಲ. ಪೂರ್ತಿ ಕತ್ತಲು ಮಾಡಿದ ಟ್ರೇ ಮಾತ್ರ ಹಳದಿ ತಿರುಗಿ ಕೆಲಸಕ್ಕೆ ಬಾರದೆ ಹೋಯಿತು. ಕೊಯ್ಯುವ ಮೊದಲಿನ ಎರಡು ದಿನ ಏನು ಮಾಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ಬಲ ಒಂದೂವರೆ ಪಟ್ಟು ಏರುವುದು ಅಲ್ಲೇ.

ಎಲ್ಲರೂ ಹುಲ್ಲನ್ನು ಅರೆಯುತ್ತಾರೆ. ಅರೆದರೆ ಹಸಿರು ಬಣ್ಣ, ಹುಲ್ಲಿನ ವಾಸನೆ, ಪ್ರೋಟೀನನ್ನೇ ತಿನ್ನುವ ಎಂಜೈಮ್, ಎಲ್ಲ ಒಟ್ಟಿಗೆ ಬರುತ್ತವೆ. ಆಮೇಲೆ ಅದನ್ನು ತೆಗೆಯುವುದಕ್ಕೆ ಅರ್ಧ ಆಯುಷ್ಯ ಬೇಕು. ನಮಗೆ ಬೇಕಾದ ಪ್ರೋಟೀನ್ ಜೀವಕೋಶದ ಹೊರಗೆ, ಅಪೊಪ್ಲಾಸ್ಟಿನಲ್ಲಿ ಕೂತಿರುತ್ತದೆ. ಅದಕ್ಕೆ ಎಲೆ ಒಡೆಯುವುದು ಯಾಕೆ? ಎಲೆಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ವಿಟಮಿನ್ ಸಿ ಬೆರೆಸಿದ ತಣ್ಣೀರಿನಲ್ಲಿ ಮುಳುಗಿಸಿ ವ್ಯಾಕ್ಯೂಮ್ ಹಾಕುತ್ತೇನೆ. ಎಲೆಯಿಂದ ಗುಳ್ಳೆ ಗುಳ್ಳೆಯಾಗಿ ಗಾಳಿ ಹೊರಡುತ್ತದೆ. ವ್ಯಾಕ್ಯೂಮ್ ಬಿಟ್ಟ ತಕ್ಷಣ ತಿಳಿಹಸಿರಿನ ಎಲೆ ಗಾಢವಾಗಿ, ಒದ್ದೆ ಗಾಜಿನ ಹಾಗೆ ಪಾರದರ್ಶಕವಾಗುತ್ತದೆ. ನೀರು ಒಳಗೆ ಹೋಯಿತು ಅಂತ ಅದೇ ಗುರುತು. ಅಲ್ಲಲ್ಲಿ ಮಂಕು ಹಸಿರು ಉಳಿದಿದ್ದರೆ ಇನ್ನೊಮ್ಮೆ ಹಾಕಬೇಕು. ಆಮೇಲೆ ಬ್ಯಾಸ್ಕೆಟ್ ಸೆಂಟ್ರಿಫ್ಯೂಜಿನಲ್ಲಿ ನಿಧಾನಕ್ಕೆ ತಿರುಗಿಸಿದರೆ ನೀರಿನಂಥ ತಿಳಿ ಸಾರ ಇಳಿಯುತ್ತದೆ. ವೇಗ ಜಾಸ್ತಿ ಮಾಡಿದರೆ ಎಲೆ ಒಡೆದು ಹಸಿರು ಬರುತ್ತದೆ. ಹಸಿರು ಕಂಡರೆ ಆ ಬ್ಯಾಚನ್ನು ನಾನು ಮಾರುವುದಿಲ್ಲ.

ಸಾರವನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿ, ಮೊಸರೊಡೆದಂತೆ ಕೆಳಗೆ ಕೂತದ್ದನ್ನು ಸೋಸಿ ತೆಗೆಯುತ್ತೇನೆ. ಶುದ್ಧಿ ಅಂತ ಮಾಡುವುದು ಇಷ್ಟೇ. ಹಿಂಡಿದ ಹುಲ್ಲು ಹಾಗೇ ಹಸಿರಾಗಿ ಉಳಿಯುತ್ತದೆ. ತೊಳೆದು ಒಣಗಿಸಿ ಪುಡಿ ಮಾಡಿ ಬೇರೆ ಮಾರುತ್ತೇನೆ, ಕೋಣೆಯ ಕರೆಂಟ್ ಖರ್ಚಿನಲ್ಲಿ ಮೂರನೇ ಒಂದು ಪಾಲು ಅದರಲ್ಲೇ ಹುಟ್ಟುತ್ತದೆ.

ಬೂಷ್ಟಿನ ಬಗ್ಗೆ ಒಂದು ಮಾತು. ಒಂದು ಸಲ ಕೆಲವು ಟ್ರೇಗಳಿಗೆ ಬೂಷ್ಟು ಹಿಡಿಯಿತು. ಸಾರ ತೆಗೆದು, ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಬ್ರಾಡ್‌ಫೋರ್ಡ್ ಪರೀಕ್ಷೆ ಹಾಕಿದರೆ ಪ್ರೋಟೀನ್ ಎಂದಿಗಿಂತ ಜಾಸ್ತಿ! ಸ್ಪ್ಲ್ಯಾಟಿನಲ್ಲಿ ನೋಡಿದರೆ ಕೆಲಸ ಸೊನ್ನೆ. ಚಳಿಗಾಲದ ರೈ ಗಿಡದಲ್ಲಿ (ಗೋಧಿಯಂಥದೇ ಧಾನ್ಯ) ಇದನ್ನು ಆಗಲೇ ಕಂಡುಕೊಂಡಿದ್ದಾರೆ. ಚಳಿಗೆ ಹುಟ್ಟುವ ಪ್ರೋಟೀನೂ ಬೂಷ್ಟಿಗೆ ಹುಟ್ಟುವ ಪ್ರೋಟೀನೂ ಒಂದೇ ಕುಲದ್ದು, ಎರಡನೆಯದಕ್ಕೆ ಐಸ್ ಹಿಡಿಯುವ ಗುಣ ಇಲ್ಲ. ಅಂದಿನಿಂದ ಪ್ರೋಟೀನ್ ತೂಕದ ಲೆಕ್ಕದಲ್ಲಿ ಮಾರುವುದನ್ನು ನಿಲ್ಲಿಸಿದೆ. ಸಾರಕ್ಕೆ ನೀರು ಬೆರೆಸುತ್ತಾ ಹೋಗಿ, ಎಷ್ಟು ಪಟ್ಟು ತೆಳು ಮಾಡಿದರೂ ಹರಳು ಸಣ್ಣದಾಗೇ ಉಳಿಯುತ್ತದೋ ಆ ಅಂಕೆಯ ಮೇಲೆ ಬೆಲೆ ಕಟ್ಟುತ್ತೇನೆ.

ಇನ್ನು ಗಿರಾಕಿ. ಐಸ್‌ಕ್ರೀಮಿನವರ ಹತ್ತಿರ ಮೊದಲು ಹೋದೆ. ಹರಳು ತಡೆಯಲು ಅವರಿಗೆ ಗೋರಿಕಾಯಿ ಗೋಂದು, ಲೋಕಸ್ಟ್ ಬೀನ್ ಗೋಂದು ಅಗ್ಗಕ್ಕೆ ಸಿಗುತ್ತದೆ. ಅದರ ಪಕ್ಕದಲ್ಲಿ ನನ್ನ ಬೆಲೆ ಇಟ್ಟ ತಕ್ಷಣ ಮಾತುಕತೆ ಮುಗಿಯುತ್ತಿತ್ತು. ಫ್ರೋಜನ್ ಹಿಟ್ಟಿನವರ ಕಷ್ಟ ಬೇರೆ. ಹರಳು ಬೆಳೆದಂತೆ ಗ್ಲುಟೆನ್ ಹರಿಯುತ್ತದೆ, ಈಸ್ಟ್ ಸಾಯುತ್ತದೆ, ಹಿಟ್ಟು ಉಬ್ಬುವುದು ತಡವಾಗುತ್ತದೆ. ಅದಕ್ಕೆ ಮೊದಲೇ ಜಾಸ್ತಿ ಈಸ್ಟ್ ಸುರಿಯುತ್ತಾರೆ. ಆ ನಷ್ಟ ಅವರ ಲೆಕ್ಕದ ಪುಸ್ತಕದಲ್ಲೇ ಇರುತ್ತದೆ.

ಆದರೂ ಮೊದಲ ಪ್ರದರ್ಶನಗಳು ಬಿದ್ದವು. ಒಳ್ಳೆಯ ಡೀಪ್ ಫ್ರೀಜರ್ ಇರುವ ಕಡೆ ನನ್ನ ಹಿಟ್ಟಿಗೂ ಅವರ ಹಿಟ್ಟಿಗೂ ವ್ಯತ್ಯಾಸವೇ ಕಾಣಲಿಲ್ಲ. "ನೋಡಿ, ನಾವು ಹೇಳಿದ್ದು ಇದನ್ನೇ ಅಲ್ವಾ" ಅಂದರು. ಮೈನಸ್ 18 ಅಲುಗಾಡದೆ ನಿಂತರೆ ಹರಳು ಅಷ್ಟು ಬೇಗ ಬೆಳೆಯುವುದಿಲ್ಲ, ತಡೆಯುವುದಕ್ಕೆ ನಮಗೆ ಕೆಲಸವೇ ಇರುವುದಿಲ್ಲ. ಹಾಗಾಗಿ ಸರಕು ದೂರ ಹೋಗುವ, ಲಾರಿಯ ಬಾಗಿಲು ಮತ್ತೆ ಮತ್ತೆ ತೆಗೆಯುವ ಕಾರ್ಖಾನೆಗಳನ್ನೇ ಹುಡುಕಿದೆ. ಪರೀಕ್ಷೆಯಲ್ಲೂ ಮೈನಸ್ 18ರಿಂದ ಮೈನಸ್ 8ಕ್ಕೆ ಏರಿಸಿ ಇಳಿಸಿ, ಹೀಗೆ ಎರಡು ವಾರ ಓಡಿಸಿದೆ. ಸಾರ ಹಾಕದ ಹಿಟ್ಟು ಉಬ್ಬಲು ಹೆಚ್ಚುಕಡಿಮೆ ದುಪ್ಪಟ್ಟು ಹೊತ್ತು ತೆಗೆದುಕೊಂಡಿತು. ನನ್ನದು ತಾಜಾ ಹಿಟ್ಟಿಗಿಂತ ಕಾಲು ಭಾಗ ಹೊತ್ತು ಜಾಸ್ತಿ, ಅಷ್ಟೇ. ಕಾರ್ಖಾನೆಯ ಹಿಟ್ಟಿನ ಮೇಸ್ತ್ರಿ ಎರಡೂ ಮುದ್ದೆಗಳನ್ನು ಎಳೆದು ನೋಡಿ, ಬೆಲೆ ಕೇಳದೆ, ಎಷ್ಟು ಸಿಗುತ್ತದೆ ಅಂತ ಕೇಳಿದರು. ನನ್ನ ಮೊದಲ ದೊಡ್ಡ ಆರ್ಡರ್ ಅದು.

ನನ್ನ ದರ ಅವರು ಉಳಿಸುವ ಈಸ್ಟು ಮತ್ತು ವಾಪಸ್ ಬರುವ ಸರಕಿನ ನಷ್ಟ, ಇವೆರಡರ ಮೊತ್ತದ ಅರ್ಧಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತೇನೆ. ಆಗ ಚೌಕಾಸಿ ಬರುವುದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರೈ ಗಿಡಕ್ಕೆ ಎಥಿಲೀನ್ (ಗಿಡದ ಹಾರ್ಮೋನ್ ಆದ ಅನಿಲ) ಕೊಟ್ಟರೆ ಚಳಿಯಿಲ್ಲದೆಯೂ ಈ ಪ್ರೋಟೀನ್ ಹುಟ್ಟುತ್ತದೆ. ಗೋಧಿಗೆ ಎಥಿಲೀನ್ ಬಿಡುವ ಎಥೆಫಾನ್ ಸಿಂಪಡಿಸಿ ನೋಡಿದೆ. ಚಳಿಯಲ್ಲಿ ಬರುವುದರ ಐದನೇ ಒಂದು ಪಾಲು ಬಂತೇನೋ. ಆದರೆ ಆಹಾರಕ್ಕೆ ಹೋಗುವ ಸಾರದಲ್ಲಿ ಅದರ ಶೇಷ ಉಳಿದರೆ ಎಂದು ಬಿಟ್ಟೆ. ಕ್ಯಾರೆಟ್ಟಿನ ಪ್ರೋಟೀನ್ ಚೆನ್ನಾಗಿದೆ, ಆದರೆ ಬಣ್ಣದ ಕಾಟ. ಪಾಲಿವಿನೈಲ್ ಆಲ್ಕೊಹಾಲ್ ಎಂಬ ಕೃತಕ ಪಾಲಿಮರ್ ಹರಳು ತಡೆಯುವುದರಲ್ಲಿ ಬಹಳ ಗಟ್ಟಿ, ಬೆಲೆಯಂತೂ ಕೇಳಲೇಬೇಡಿ, ಅಷ್ಟು ಅಗ್ಗ. ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಕಾಪಿಡುವವರು ಅದನ್ನೇ ನೋಡಲಿ, ಸ್ಪ್ಲ್ಯಾಟಿನಲ್ಲಿ ಹೋಲಿಕೆಗೆ ನಾನೂ ಅದನ್ನೇ ಇಟ್ಟುಕೊಳ್ಳುತ್ತೇನೆ. ಅಂದಹಾಗೆ ಆ ಕೆಲಸದವರಿಗೆ ಆಂಟಿಫ್ರೀಜ್ ಪ್ರೋಟೀನ್ ಮಾರುವಾಗ ಜಾಸ್ತಿ ಹಾಕಬೇಡಿ ಅಂತ ಬರೆದು ಕೊಡಿ. ಪ್ರಮಾಣ ಮೀರಿದರೆ ಐಸ್ ಸೂಜಿಯಾಗಿ ಬೆಳೆದು ಜೀವಕೋಶವನ್ನೇ ಚುಚ್ಚುತ್ತದೆ.

ಈಗ ದ್ರವವನ್ನೇ ಹೆಪ್ಪುಗಟ್ಟಿಸಿ ಕಳಿಸುತ್ತಿದ್ದೇನೆ, ಸಾಗಣೆಯೇ ಬೆಲೆಯ ಐದನೇ ಒಂದು ಪಾಲು ತಿನ್ನುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಬೆರೆಸಿ, ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದ (ಸ್ಪ್ರೇ ಡ್ರೈ) ಪುಡಿ ತಯಾರಾಗಿದೆ. ಬಲದಲ್ಲಿ ಹತ್ತಕ್ಕೆ ಎಂಟು ಉಳಿಯುತ್ತದೆ. ಆರು ತಿಂಗಳು ಇಟ್ಟ ಚೀಲವನ್ನು ಇನ್ನೂ ತೆರೆದು ನೋಡಬೇಕು, ಅದು ಸರಿಯಿದ್ದರೆ ಮುಂದಿನ ಆರ್ಡರುಗಳೆಲ್ಲ ಪುಡಿಯಲ್ಲೇ.