ಶಿವಮೊಗ್ಗದಲ್ಲಿ ಕ್ರಿಪ್ಟೋ ಅಡ್ಡೆ ನಡೆಯಲ್ಲ ಅಂದವರಿಗೆ

ಕ್ರಿಪ್ಟೋದಲ್ಲಿ, ಅಂದರೆ ಬಿಟ್‌ಕಾಯಿನ್ ಥರದ ಡಿಜಿಟಲ್ ಹಣದ ಲೋಕದಲ್ಲಿ, ಉದ್ಯೋಗ ಕಟ್ಟಿಕೊಳ್ಳುವವರಿಗೆ ಶಿವಮೊಗ್ಗದಲ್ಲಿ ಒಂದು ಕೂರುವ ಜಾಗ ಮಾಡ್ತೀವಿ ಅಂದಾಗ ನಕ್ಕವರೇ ಜಾಸ್ತಿ. "ಎಂತ ಮಾರಾಯ, ಇಲ್ಲಿ ಅಡಿಕೆ ರೇಟು ಕೇಳುವವರು ಸಿಗ್ತಾರೆ. ಬಿಟ್‌ಕಾಯಿನ್ ರೇಟು ಯಾರಿಗೆ ಬೇಕು?" ಅಂದಿದ್ದ ಗೆಳೆಯನೇ ಈಗ ತಿಂಗಳಿಗೆ 1,800 ಕೊಟ್ಟು ಕಿಟಕಿ ಪಕ್ಕದ ಮೇಜು ಹಿಡಿದಿದ್ದಾನೆ. ಹಾಗಾಗಿ ಸ್ವಲ್ಪ ಧೈರ್ಯವಾಗಿಯೇ ಬರೆಯುತ್ತಿದ್ದೇನೆ.

ನಾವು ಮೂರು ಜನ ಪಾಲುದಾರರು. ನಾನು ಬೆಂಗಳೂರಿನಲ್ಲಿ ಕೋಡ್ ಬರೆದು ಸಾಕಾಗಿ ಊರಿಗೆ ಬಂದವನು. ಎರಡನೆಯವರು ತೆರಿಗೆ ರಿಟರ್ನ್ ತುಂಬಿಕೊಡುವವರು. ಮೂರನೆಯವರು ನನ್ನ ಭಾವ, ಅಡಿಕೆ ಮಂಡಿ ಮನೆತನ. ಕ್ರಿಪ್ಟೋ ಹಿಂದಿರುವ ಬ್ಲಾಕ್‌ಚೈನ್ ತಂತ್ರಜ್ಞಾನ ಅವರಿಗೆ ಬೇಕಾಗಿಲ್ಲ, ಆದರೆ ಬಾಡಿಗೆ ಇಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಇಂಥವರು ಒಬ್ಬರು ಜೊತೆಗಿರಲೇಬೇಕು. ಭಾವ 4 ಲಕ್ಷ, ನಾವಿಬ್ಬರು ತಲಾ 3 ಲಕ್ಷ ಹಾಕಿದೆವು. ಲಾಭ ಹಾಕಿದ ದುಡ್ಡಿನ ಲೆಕ್ಕದಲ್ಲಿ, ಆದರೆ ದಿನಾ ಬಾಗಿಲು ತೆಗೆಯುವವನಿಗೆ ಮೊದಲು ಸಂಬಳ ಅಂತ ಪಾಲುದಾರಿಕೆ ಪತ್ರದಲ್ಲೇ ಬರೆಸಿದೆವು. ಆ ಒಂದು ಸಾಲು ಇಲ್ಲದಿದ್ದರೆ ಮೊದಲ ಮಳೆಗಾಲ ಮುಗಿಯುವ ಮುಂಚೆ ಮಾತು ಬಿಡುತ್ತಿದ್ದೆವು.

ಬ್ಯಾಂಕಿನದೇ ದೊಡ್ಡ ಕತೆ. ಪತ್ರದಲ್ಲಿ ವ್ಯವಹಾರದ ಸ್ವರೂಪ ಅನ್ನುವ ಕಡೆ ಕ್ರಿಪ್ಟೋ ಅಂತ ಇತ್ತು. ಕರೆಂಟ್ ಅಕೌಂಟ್ ತೆಗೆಯಲು ಹೋದರೆ "ಆರ್‌ಬಿಐ ಬ್ಯಾನ್ ಮಾಡಿದೆ ಸಾರ್" ಅಂತ ಫೈಲು ವಾಪಸ್ ಕೊಟ್ಟರು. ಅವರು ಹೇಳುತ್ತಿದ್ದ, ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕ್ ಸೇವೆ ಕೊಡಬೇಡಿ ಅನ್ನುವ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲೇ ರದ್ದು ಮಾಡಿತ್ತು. ಇನ್ನು ಅದನ್ನು ಮುಂದಿಟ್ಟು ಮಾತಾಡಬೇಡಿ ಅಂತ 2021ರ ಮೇ ಕೊನೆಗೆ ಆರ್‌ಬಿಐಯೇ ಬ್ಯಾಂಕುಗಳಿಗೆ ಬರೆದಿತ್ತು. ಅದನ್ನೂ ಪ್ರಿಂಟ್ ಹಾಕಿಸಿ ಕೊಟ್ಟೆವು. ಓದಿದರು, ತಲೆ ಆಡಿಸಿದರು, ಅಕೌಂಟ್ ಮಾತ್ರ ಆಗಲಿಲ್ಲ. ಕೊನೆಗೆ ಬೇರೆ ಬ್ಯಾಂಕಿನಲ್ಲಿ ಆಯಿತು. ಅಷ್ಟರಲ್ಲಿ ಪತ್ರವನ್ನೇ ತಿದ್ದಿಸಿದ್ದೆವು: ಕೆಲಸದ ಜಾಗ ಬಾಡಿಗೆಗೆ ಕೊಡುವುದು, ಸಭೆ ಮತ್ತು ತರಬೇತಿ ನಡೆಸುವುದು. ನಾವು ಮಾಡುವುದೂ ಅಷ್ಟೇ ಅಲ್ವಾ, ಕಾಯಿನ್ ಮುಟ್ಟುವುದೇ ಇಲ್ಲ. ಛಾಪಾ ಕಾಗದ, ಓಡಾಟ ಎಲ್ಲ ಸೇರಿ 10 ಸಾವಿರದ ಹತ್ತಿರ ಹೋಯಿತು.

ಜಾಗ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ, ಮಹಡಿ ಮೇಲೆ, 800 ಚದರಡಿ ಇರಬಹುದು. ಬಾಡಿಗೆ 16 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. ಮೇಜು, ಕುರ್ಚಿ ಎಲ್ಲ ಮುಚ್ಚಿಹೋದ ಟ್ಯೂಷನ್ ಸೆಂಟರಿನದು, 22 ಸಾವಿರಕ್ಕೆ ಲಾರಿ ಬಾಡಿಗೆ ಸಮೇತ ಬಂತು. ಇನ್ವರ್ಟರ್, ಬ್ಯಾಟರಿಗೆ 60 ಸಾವಿರ. ಏಪ್ರಿಲ್ ಗುಡುಗು ಸಿಡಿಲಿಗೆ ರೂಟರ್, ಸ್ವಿಚ್ ಎರಡೂ ಸುಟ್ಟವು. ಆಮೇಲೆ ಹಿತ್ತಲಲ್ಲಿ ಹೊಂಡ ತೆಗೆಸಿ, ಉಪ್ಪು ಇದ್ದಿಲು ಹಾಕಿಸಿ ಅರ್ಥಿಂಗ್ ಮಾಡಿಸಿದೆವು. ಮಲೆನಾಡಲ್ಲಿ ಇಂಥದ್ದು ತೆರೆಯುವವರು ಗೋಡೆ ಬಣ್ಣಕ್ಕಿಂತ ಮೊದಲು ಅರ್ಥಿಂಗಿಗೆ ದುಡ್ಡು ಎತ್ತಿಡಿ.

ಶುರುವಿನಲ್ಲಿ ಶನಿವಾರ ಸಂಜೆ ಎಲ್ಲರಿಗೂ ಉಚಿತ ಅಂದೆವು. ಮಂಡಕ್ಕಿ, ಮೆಣಸಿನಕಾಯಿ ಬೋಂಡ, ಕಾಫಿ ನಮ್ಮದೇ. ಸುಮಾರು ನಲವತ್ತು ಜನ ಬರುತ್ತಿದ್ದರು, ನೋಡಲು ಖುಷಿ. ಆದರೆ ಬಂದವರಲ್ಲಿ ಅರ್ಧ ಜನ "ಮೂವರನ್ನು ಸೇರಿಸಿ, ದುಪ್ಪಟ್ಟು ಪಡೆಯಿರಿ" ಪಾರ್ಟಿ. ಉಳಿದವರಲ್ಲಿ ಹೆಚ್ಚಿನವರು ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಕಾಯಿನ್) ಕೊಟ್ಟು ದುಡ್ಡು ಪಡೆಯಲು ಗಿರಾಕಿ ಹುಡುಕುವವರು. ನಮ್ಮ ಮೇಜಿನಲ್ಲಿ ಪರಿಚಯ ಆದವನಿಗೆ ಒಬ್ಬ ಹುಡುಗ 40 ಸಾವಿರದ ಯುಎಸ್‌ಡಿಟಿ ಮಾರಿದ. ಖಾತೆಗೆ ಬಂದ ಹಣ ಎಲ್ಲೋ ಯಾರಿಗೋ ಟೋಪಿ ಹಾಕಿದ್ದ ದುಡ್ಡು. ಬೇರೆ ರಾಜ್ಯದ ಸೈಬರ್ ಪೊಲೀಸರ ಪತ್ರ ಬಂದು ಹುಡುಗನ ಖಾತೆ ಫ್ರೀಜ್. ಅವರಪ್ಪ ಮೆಟ್ಟಿಲು ಹತ್ತಿ ಬಂದು ಏನೂ ಕೂಗಾಡದೆ ಕುರ್ಚಿ ಎಳೆದು ಕೂತರು. "ನಿಮ್ಮಲ್ಲಿಗೆ ಬರೋಕೆ ಮುಂಚೆ ಅವನ ಎಟಿಎಂ ಕಾರ್ಡು ನಡೀತಿತ್ತು" ಅಂದರು. ಖಾತೆ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು.

ಅವತ್ತಿನಿಂದ ಒಂದೇ ನಿಯಮ: ಬಾಗಿಲ ಒಳಗೆ ಕಾಯಿನ್ ಕೊಡುವುದಿಲ್ಲ, ಕೊಳ್ಳುವುದಿಲ್ಲ, ಯಾವುದು ಏರುತ್ತೆ ಅಂತ ಹೇಳುವುದೂ ಇಲ್ಲ. ಕ್ರಿಪ್ಟೋ ವಿನಿಮಯ ನಡೆಸುವವರು 2023ರ ಮಾರ್ಚ್‌ನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಕೆಳಗೆ ಬರುತ್ತಾರೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಣಿ ಬೇಕು. ನಾವು ಆ ಗೆರೆ ಹತ್ತಿರವೂ ಸುಳಿಯಬಾರದು ಅಂತ ತೆರಿಗೆ ಪಾಲುದಾರರು ಪಟ್ಟು ಹಿಡಿದರು. ನಲವತ್ತು ಜನ ಏಳೆಂಟಕ್ಕೆ ಇಳಿದರು. "ಖಾಲಿ ಕುರ್ಚಿಗೆ ಬಾಡಿಗೆ ಕಟ್ಟೋದಾ?" ಅಂತ ಭಾವ ದಿನಾ ಕೇಳುತ್ತಿದ್ದರು. ಮೊದಲ ವರ್ಷ 2 ಲಕ್ಷಕ್ಕೂ ಜಾಸ್ತಿ ಕರಗಿತು.

ಉಳಿದ ಏಳೆಂಟು ಜನ ಮಾತ್ರ ಕೆಲಸದವರು. ಹೊರದೇಶದ ಕಂಪನಿಗೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ತಾನಾಗಿ ನಡೆಯುವ ಕರಾರಿನ ಕೋಡ್) ತಪಾಸಣೆ ಮಾಡುವವನು, ಕ್ರಿಪ್ಟೋದ ಕೀಲಿ ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ಬರೆಯುವ ಇಬ್ಬರು, ಒಂದು ಪ್ರಾಜೆಕ್ಟಿನ ಗ್ರಾಹಕರ ಗುಂಪು ನೋಡಿಕೊಳ್ಳುವ ತೀರ್ಥಹಳ್ಳಿ ಕಡೆಯ ಹುಡುಗಿ. ಎಲ್ಲರೂ ಮನೆಯಲ್ಲಿ ಒಂಟಿಯಾಗಿ ಕೂತು, "ಎಂತ ಕೆಲಸ ಅದು?" ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟು ಸುಸ್ತಾದವರು. ಇವರಿಗೆ ಬೇಕಿದ್ದದ್ದು ಗಿರಾಕಿ ಅಲ್ಲ, ಜೊತೆಗೆ ಕೆಲಸ ಹಿಡಿಯುವವರು.

ತಿರುವು ಬಂದಿದ್ದು 2024ರ ಜುಲೈನಲ್ಲಿ. ಕ್ರಿಪ್ಟೋ ಕೊಳ್ಳುವ, ಮಾರುವ ದೇಶದ ದೊಡ್ಡ ಎಕ್ಸ್‌ಚೇಂಜ್ ಒಂದರಿಂದ ಸುಮಾರು 23 ಕೋಟಿ ಡಾಲರ್ ಕಳ್ಳತನ ಆಯಿತಲ್ಲ, ಆ ವಾರ ನಮ್ಮ ಮೆಟ್ಟಿಲ ಮೇಲೂ ಜನ. ಲಾಭದ ಮಾತು ಯಾರೂ ಎತ್ತಲಿಲ್ಲ, ಇರುವುದನ್ನು ಕಾಪಾಡಿಕೊಳ್ಳುವುದು ಹೇಗೆ ಅಂತಲೇ ಎಲ್ಲರೂ ಕೇಳಿದ್ದು. ಸ್ವಂತ ವಾಲೆಟ್ಟಿಗೆ ಬಂದರೆ ಸೀಡ್ ಪದಗಳನ್ನು, ಅಂದರೆ ವಾಲೆಟ್ಟನ್ನು ಮತ್ತೆ ತೆರೆಯಲು ಬೇಕಾದ ಗುಟ್ಟಿನ ಪದಗಳನ್ನು, ಎಲ್ಲಿ ಬರೆದಿಡುವುದು? ನಮ್ಮ ಮಳೆಗೆ ಕಾಗದಕ್ಕೆ ಬೂಷ್ಟು ಹಿಡಿಯುತ್ತೆ, ಶಾಯಿ ಹರಡುತ್ತೆ. ಆಗ ಹೊಳೆದದ್ದು ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತುವ ಯಂತ್ರ. ಹಳೆಯದೊಂದನ್ನು 1,200ಕ್ಕೆ ತಂದೆವು. ಸ್ಟೀಲ್ ಡಬ್ಬಿ ಮುಚ್ಚಳದ ಒಳಮೈ ಮೇಲೆ ಅವರವರೇ ಕೆತ್ತಿಕೊಳ್ಳಬೇಕು, ಪರದೆ ಹಿಂದೆ, ಫೋನ್ ಹೊರಗೆ. ಸೀಡ್ ಪದಗಳನ್ನು ಆರಿಸುವ ಪಟ್ಟಿಯಲ್ಲಿ ಇರುವುದು 2,048 ಪದ, ಮೊದಲ ನಾಲ್ಕು ಅಕ್ಷರಕ್ಕೇ ಪದ ಗುರುತು ಸಿಗುತ್ತೆ. ಹಾಗಾಗಿ ಪೂರ್ತಿ ಕೆತ್ತುವುದು ಬೇಡ, 24 ಪದ ಒಂದು ಮುಚ್ಚಳದಲ್ಲಿ ಹಿಡಿಯುತ್ತೆ. ಮುಚ್ಚಳ ಕೆತ್ತಲು ಬಂದವರೇ ಆಮೇಲೆ ಮೇಜು ಕೇಳಿದ್ದು.

ಜೊತೆಗೆ ತೆರಿಗೆ ರಿಟರ್ನ್ ತುಂಬುವ ಸಂಜೆ. ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ, ಮಾರಿದಾಗ ಮೊದಲೇ ಹಿಡಿಯುವ ಶೇ 1 ಟಿಡಿಎಸ್ ಎಲ್ಲರಿಗೂ ಗೊತ್ತು. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ ಅನ್ನುವುದು ಫಾರ್ಮಿನ ವಿಡಿಎ (ಕ್ರಿಪ್ಟೋದಂಥ ಡಿಜಿಟಲ್ ಆಸ್ತಿ) ಪುಟ ತುಂಬುವಾಗಲೇ ಹಲವರಿಗೆ ನಾಟುವುದು. ತಲೆಗೆ 300 ತೆಗೆದುಕೊಳ್ಳುತ್ತೇವೆ, ಜುಲೈ ಪೂರ್ತಿ ಭರ್ತಿ.

ಭಾವನ ಒಂದು ಪ್ರಯೋಗ ಹೇಳದಿದ್ದರೆ ಅವರು ಬಿಡಲ್ಲ. ಮೋಡದ ನವೆಂಬರಿನಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿರಲಿಲ್ಲ. ಬಿಟ್‌ಕಾಯಿನ್ ಗಣಿಗಾರಿಕೆ ಮಾಡುವ ಹಳೆಯ ಯಂತ್ರ, ಆಂಟ್‌ಮೈನರ್ ಎಸ್9 ತಂದು, ಅದರ ಬಿಸಿಗಾಳಿಯನ್ನು ಅಡಿಕೆ ತಟ್ಟೆಗೆ ತಿರುಗಿಸಿದರು. ಅಡಿಕೆ ಚೆನ್ನಾಗಿಯೇ ಒಣಗಿತು! ಆದರೆ ದಿನಕ್ಕೆ 32 ಯೂನಿಟ್ ಎಳೆಯಿತು, ಕರೆಂಟಿಗೆ 200ಕ್ಕೂ ಮೇಲೆ. 2024ರ ಏಪ್ರಿಲ್‌ನಲ್ಲಿ ಬ್ಲಾಕ್ ಬಹುಮಾನ (ಗಣಿಗಾರಿಕೆಗೆ ಸಿಗುವ ಹೊಸ ಬಿಟ್‌ಕಾಯಿನ್) ಅರ್ಧ ಆದ ಮೇಲೆ ಆ ಯಂತ್ರಕ್ಕೆ ಸಿಗುತ್ತಿದ್ದದ್ದು ದಿನಕ್ಕೆ 50-60 ರೂಪಾಯಿ. ಸದ್ದು ಅಂತೂ ಹಿಟ್ಟಿನ ಗಿರಣಿ. ಅತ್ತಿಗೆ ಮೂರನೇ ದಿನ ಪ್ಲಗ್ ಕಿತ್ತರು.

ಈಗ ತಿಂಗಳ ಮೇಜಿನವರು ಇಪ್ಪತ್ತರ ಆಚೀಚೆ, ದಿನದ ಲೆಕ್ಕದಲ್ಲಿ 150 ಕೊಟ್ಟು ಬರುವವರು ಬೇರೆ. ಒಟ್ಟು 41 ಸಾವಿರದಷ್ಟು ಬರುತ್ತೆ, ಸಂಬಳ ಸೇರಿ 32 ಸಾವಿರ ಹೋಗುತ್ತೆ. ಇಲ್ಲೇ ಪರಿಚಯ ಆದ ಮೂವರು ಸೇರಿ ಹೊರದೇಶದ ಎರಡು ಕೆಲಸ ಹಿಡಿದರು. ಬೆಂಗಳೂರಿನ ಜಾಗಗಳಲ್ಲಿ ಇಷ್ಟು ಬೇಗ ಇಂಥದ್ದು ಆಗಿದ್ದು ನಾನಂತೂ ಕಂಡಿಲ್ಲ.

ಸ್ಕೀಮ್ ಪಾರ್ಟಿಗಳನ್ನು ಬಾಗಿಲಲ್ಲೇ ಹೇಗೆ ಗುರುತು ಹಿಡಿಯುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಎರಡು ಪ್ರಶ್ನೆ ಇವೆ. ಬರೆದುಬಿಟ್ಟರೆ ಅವರೂ ಉತ್ತರ ಕಲಿತು ಬರುತ್ತಾರೆ, ಆದ್ದರಿಂದ ಬೇಡ. ಶನಿವಾರದ ಮೊದಲ ಅರ್ಧ ಗಂಟೆ ಏನು ಮಾಡಿಸುತ್ತೇವೆ ಅನ್ನುವುದೂ ಹಾಗೇ, ಕಾಫಿ ಕುಡಿಯಲು ಬಂದವರಿಗೆ ಮಾತ್ರ.

ಸಾಗರದಲ್ಲಿ ಒಂದು ಮಹಡಿ ನೋಡಿದ್ದೇವೆ. ಮಾಲೀಕರು 11 ಸಾವಿರ ಅನ್ನುತ್ತಿದ್ದಾರೆ, 9ಕ್ಕೆ ಇಳಿಸ್ತೀನಿ ಅಂತ ಭಾವ ಕೂತಿದ್ದಾರೆ. ಅರ್ಥಿಂಗ್ ಮಾಲೀಕರೇ ಮಾಡಿಸಿಕೊಡಬೇಕು ಅನ್ನುವುದು ನನ್ನ ಷರತ್ತು.