ಗಿನಿಪಿಗ್‌ಗೆ ಬಾಣಂತನ ಮಾಡುವುದು ಹೇಗೆ?

ಮರಿ ಹಾಕಿದ ಗಿನಿಪಿಗ್‌ಗೆ ಲೋಬಾನದ ಹೊಗೆ ಹಾಕಬಾರದು. ಗೂಡಿನ ಪಕ್ಕ ಕೆಂಡ ಇಡಬಾರದು. ಅಂಟಿನ ಉಂಡಿ, ಹಾಲಲ್ಲಿ ನೆನೆಸಿದ ರೊಟ್ಟಿ ಕೊಡಬಾರದು. ನಮ್ಮ ಕಡೆ ಮನೆಯ ಬಾಣಂತಿಗೆ ಏನೇನು ಮಾಡುತ್ತಾರೋ ಅದನ್ನೆಲ್ಲ ಪ್ರೀತಿಯಿಂದ ಈ ಪ್ರಾಣಿಗೂ ಮಾಡಲು ಹೋದರೆ ತಾಯಿಯೂ ಉಳಿಯುವುದಿಲ್ಲ, ಮರಿಗಳೂ ಉಳಿಯುವುದಿಲ್ಲ. ಬೆಕ್ಕು, ನಾಯಿಗಳ ಲೆಕ್ಕವೂ ಇಲ್ಲಿ ನಡೆಯದು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಈ ಪ್ರಾಣಿ ಮುಳ್ಳುಹಂದಿಯ ದೂರದ ನೆಂಟ. 59ರಿಂದ 72 ದಿನ ಗಬ್ಬ ಇರುತ್ತದೆ. ಮರಿಗಳು ಮೈತುಂಬ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು ಇಟ್ಟುಕೊಂಡೇ ಹುಟ್ಟುತ್ತವೆ. ಅಷ್ಟು ಬೆಳೆದ ಮರಿಗಳನ್ನು ಹೊರುವುದರಲ್ಲೇ ತಾಯಿಯ ಶಕ್ತಿ ಸೋರಿಹೋಗಿರುತ್ತದೆ. ಹಾಗಾಗಿ ಕಷ್ಟವೆಲ್ಲ ಹೆರಿಗೆಯ ಹಿಂದುಮುಂದಿನ ಮೂರು ವಾರಗಳದ್ದು.

1. ಗಂಡನ್ನು ಹೊರಗಿಡಿ

ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿ ಕಾಣುವಷ್ಟರಲ್ಲಿ ಗಂಡು ಬೇರೆ ಗೂಡಿನಲ್ಲಿರಬೇಕು. ‘ಪಾಪ, ಅಪ್ಪನೂ ಮರಿಗಳ ಮುಖ ನೋಡಲಿ’ ಎಂದು ಬಿಡುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಮರಿ ಹಾಕಿದ 2ರಿಂದ 15 ಗಂಟೆಯೊಳಗೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡು ಜೊತೆಗಿದ್ದರೆ ಅದೇ ದಿನ ಮತ್ತೆ ಗಬ್ಬ. ಒಂದು ಕಡೆ ಹಾಲೂಡುತ್ತ ಇನ್ನೊಂದು ಕಡೆ ಹೊಟ್ಟೆಯಲ್ಲಿ ಮರಿ ಬೆಳೆಸುವ ತಾಯಿ ಎರಡನೇ ಹೆರಿಗೆಯಲ್ಲಿ ಕೈಬಿಟ್ಟುಹೋಗುವುದು ಹೆಚ್ಚು. ಗೂಡುಗಳು ಅಕ್ಕಪಕ್ಕ ಇರಲಿ, ವಾಸನೆ ಸಿಗುತ್ತಿದ್ದರೆ ಎರಡೂ ಸಮಾಧಾನವಾಗಿರುತ್ತವೆ.

ಹೆಣ್ಣಿನ ವಯಸ್ಸನ್ನೂ ಕೇಳಿಕೊಳ್ಳಿ. ಮೊದಲ ಮರಿ 6–7 ತಿಂಗಳೊಳಗೆ ಆಗದಿದ್ದರೆ ಸೊಂಟದ ಮುಂಭಾಗದ ಎಲುಬಿನ ಕೀಲು ಬಿಗಿದುಬಿಡುತ್ತದೆ, ಹೆರಿಗೆಗೆ ದಾರಿ ತೆರೆಯುವುದಿಲ್ಲ. ಆ ವಯಸ್ಸು ದಾಟಿಯೂ ಒಮ್ಮೆಯೂ ಹೆರದ ಹೆಣ್ಣಿಗೆ ಗಂಡು ಕೂಡಿಸಲೇಬೇಡಿ. ಅಂಗಡಿಯವರು ಜೋಡಿ ಎಂದು ಕೊಟ್ಟದ್ದು ಆಗಲೇ ಗಬ್ಬವಾಗಿದ್ದು ವಯಸ್ಸೂ ಗೊತ್ತಿಲ್ಲದಿದ್ದರೆ, ದಿನ ತುಂಬುವ ಮೊದಲೇ ಪಶುವೈದ್ಯರಿಗೆ ತೋರಿಸಿ ಮಾತಾಡಿಟ್ಟುಕೊಳ್ಳಿ.

2. ಗೂಡು

4 ಅಡಿ ಉದ್ದ, 2 ಅಡಿ ಅಗಲ, ಗಟ್ಟಿ ತಳ. ತಂತಿ ಜಾಲರಿಯ ತಳ ಬೇಡ, ಮರಿಯ ಕಾಲು ಸಿಕ್ಕಿ ಮುರಿಯುತ್ತದೆ. ಸರಳುಗಳ ಸಂದು ಒಂದು ಇಂಚಿದ್ದರೆ ಮರಿ ಆಚೆ, ಬೆಕ್ಕು ಈಚೆ. ಸುತ್ತ 1 ಸೆಂ.ಮೀ. ಕಣ್ಣಿನ ಜಾಲರಿ ಕಟ್ಟಿ. ತಳಕ್ಕೆ ಹಳೆಯ ಪತ್ರಿಕೆ, ಮೇಲೆ ಒಣ ಹುಲ್ಲು. ಹಳೆ ಸೀರೆ ಹಾಸಬೇಡಿ, ಬಿಚ್ಚಿದ ಎಳೆ ಮರಿಯ ಕಾಲಿಗೆ ಸುತ್ತಿ ರಕ್ತ ಓಡದಂತೆ ಮಾಡುತ್ತದೆ. ಸಾಮಿಲ್ ಹೊಟ್ಟಿನ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಮರಿಗಳಿಗೆಂದು ನೆಲದಿಂದ 5 ಸೆಂ.ಮೀ. ಎತ್ತರದಲ್ಲಿ ನೀರಿನ ಬಾಟಲಿಯ ಇನ್ನೊಂದು ನಳಿಕೆ ಇರಲಿ. ಅಡಗಲು ರಟ್ಟಿನ ಡಬ್ಬಿಗೆ ಎರಡು ಬಾಗಿಲು ಕೊಯ್ದಿಡಿ.

3. ಮೇವು ಮತ್ತು ವಿಟಮಿನ್ ಸಿ

ಮನುಷ್ಯರಂತೆ ಗಿನಿಪಿಗ್ ಕೂಡ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳಲಾರದು. ಸಾಧಾರಣ ದಿನಗಳಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿ.ಗ್ರಾಂ ಸಾಕು, ಗಬ್ಬದಲ್ಲೂ ಬಾಣಂತನದಲ್ಲೂ 30 ಮಿ.ಗ್ರಾಂ ಬೇಕು. ಸುಲಭದ ದಾರಿ ಪೇರಲ: 15 ಗ್ರಾಂನ ಒಂದು ಹೋಳಿನಲ್ಲಿ ಅಷ್ಟೂ ಸಿಗುತ್ತದೆ. ಪೇರಲ ಇಲ್ಲದ ಕಾಲಕ್ಕೆ ಡಬ್ಬು ಮೆಣಸಿನಕಾಯಿಯ ಕಾಲು ಭಾಗ, ಒಂದು ಹಿಡಿ ಕೊತ್ತಂಬರಿ. ತರಕಾರಿ ತಿನ್ನದ ಹೆಣ್ಣಿಗೆ ವಿಟಮಿನ್ ಸಿಯ 500 ಮಿ.ಗ್ರಾಂನ ಸಾದಾ ಮಾತ್ರೆಯನ್ನು ಪುಡಿಮಾಡಿ 10 ಮಿ.ಲೀ. ನೀರಿನಲ್ಲಿ ಕಲಸಿ, ಚೆನ್ನಾಗಿ ಅಲುಗಾಡಿಸಿ, ಸೂಜಿ ತೆಗೆದ ಸಿರಿಂಜಿನಿಂದ ಕಿಲೋ ತೂಕಕ್ಕೆ 0.6 ಮಿ.ಲೀ. ಕೊಡಿ. ಉಳಿದದ್ದನ್ನು ಚೆಲ್ಲಿ, ನಾಳೆಗೆ ಹೊಸದು. ಕುಡಿಯುವ ನೀರಿಗೆ ಹನಿ ಹಾಕುವ ಔಷಧಕ್ಕೆ ದುಡ್ಡು ಹಾಕಬೇಡಿ: ಬೆಳಕಿಗೆ ಬೇಗ ಸತ್ವ ಕುಂದುತ್ತದೆ, ರುಚಿ ಕೆಟ್ಟು ನೀರು ಕುಡಿಯುವುದನ್ನೂ ಬಿಡುತ್ತದೆ. ಮಕ್ಕಳ ಮಲ್ಟಿವಿಟಮಿನ್ ಸಿರಪ್ಪೂ ಬೇಡ, ಅದರಲ್ಲಿನ ಎ ಮತ್ತು ಡಿ ಹೆಚ್ಚಾಗಿ ವಿಷವಾಗುತ್ತದೆ.

ಅಂಗಡಿಗಳಲ್ಲಿ ದೊಡ್ಡ ಚೀಲ ಒಡೆದು ಕಿಲೋ ಲೆಕ್ಕದಲ್ಲಿ ಮಾರುವ ಬಣ್ಣಬಣ್ಣದ ಕಾಳಿನ ಮಿಶ್ರಣ ನೋಡಲು ಚೆಂದ, ಅಷ್ಟೇ. ಮೊಲದ ಪೆಲೆಟ್‌ನಲ್ಲಿ (ಒತ್ತಿ ಮಾಡಿದ ಗುಳಿಗೆ ಮೇವು) ಸಾಮಾನ್ಯವಾಗಿ ವಿಟಮಿನ್ ಸಿ ಸೇರಿಸಿರುವುದಿಲ್ಲ. ಗಿನಿಪಿಗ್ ಎಂದೇ ಬರೆದ, ತಯಾರಾಗಿ ಮೂರು ತಿಂಗಳು ದಾಟದ, ಮುಚ್ಚಿದ ಪೊಟ್ಟಣವನ್ನೇ ತನ್ನಿ.

ಹೊಟ್ಟೆ ತುಂಬಬೇಕಾದದ್ದು ಹುಲ್ಲಿನಿಂದ. ಹೊರದೇಶದ ಟಿಮೊಥಿ ಹುಲ್ಲು ದುಬಾರಿ. ನೆರಳಲ್ಲಿ ಒಣಗಿಸಿದ ಕರಿಕೆ ಅದರ ಕೆಲಸ ಮಾಡುತ್ತದೆ. ಮೇವಿನವರ ಹತ್ತಿರ ಸಿಗುವ ಕುದುರೆ ಮೆಂತೆಯಲ್ಲಿ ಸುಣ್ಣದಂಶ ಜಾಸ್ತಿ. ಗಬ್ಬ, ಬಾಣಂತಿ, ಮರಿ ಈ ಮೂವರಿಗೂ ಒಳ್ಳೆಯದು, ಉಳಿದ ದೊಡ್ಡವಕ್ಕೆ ದಿನವೂ ಕೊಟ್ಟರೆ ಮೂತ್ರದಲ್ಲಿ ಕಲ್ಲಾಗುತ್ತದೆ. ಜೋಳದ ಒಣ ಕಣಿಕೆ ಹಲ್ಲು ಸವೆಸಲು ಎರಡು ತುಂಡು ಸಾಕು. ಹಸಿ ಎಳೆ ಜೋಳ, ಕುಳೆ ಜೋಳ ಮಾತ್ರ ಮುಟ್ಟಿಸಬೇಡಿ. ಎತ್ತನ್ನೇ ಕೆಡವುವ ವಿಷ ಕಿಲೋ ತೂಕದ ಪ್ರಾಣಿಯನ್ನು ಬಿಟ್ಟೀತೇ? ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆಯ ಸೊಪ್ಪು ಕೂಡ ನಿಷಿದ್ಧ.

4. ಕೊನೆಯ ಎರಡು ವಾರ

ಏನನ್ನೂ ಬದಲಿಸಬೇಡಿ. ಗೂಡು ಅದೇ, ಪೆಲೆಟ್ ಅದೇ, ಊರಿಗೆ ಕರೆದೊಯ್ಯುವುದು ಬೇಡ, ಸ್ನಾನವಂತೂ ಬೇಡವೇ ಬೇಡ. ಕೊಬ್ಬಿದ ಹೆಣ್ಣು ಹೆದರಿಯೋ ದಣಿದೋ ಒಂದು ದಿನ ಮೇವು ಬಿಟ್ಟರೆ ಮೈಯ ಕೊಬ್ಬೇ ಕರಗಿ ರಕ್ತಕ್ಕೆ ವಿಷವಾಗುತ್ತದೆ. ಮಂಕಾಗಿ ಕೂರುವುದು, ಬಾಯಿಂದ ನೇಲ್ ಪಾಲಿಶ್ ಅಳಿಸುವ ದ್ರವದಂಥ ವಾಸನೆ ಬರುವುದು ಅದರ ಗುರುತು. ಅಂಥ ಹೆಣ್ಣನ್ನು ಬೆಳಗಿನ ತನಕ ಕಾಯದೆ ವೈದ್ಯರ ಹತ್ತಿರ ಒಯ್ಯಿ. ಈ ಅಪಾಯ ಹೆರಿಗೆಯ ನಂತರವೂ ಒಂದು ವಾರ ಇರುತ್ತದೆ. ಎತ್ತುವಾಗ ಹೊಟ್ಟೆ ಒತ್ತದೆ ಹಿಂಗಾಲುಗಳ ಕೆಳಗೆ ಅಂಗೈ ಕೊಡಿ. ಮಕ್ಕಳ ಕೈಗೆ ಕೊಡಲೇಬೇಡಿ.

ಬಿಸಿಲಿನದು ಬೇರೆಯೇ ಮಾತು. 27–28 ಡಿಗ್ರಿ ದಾಟಿದರೆ ಗಿನಿಪಿಗ್‌ಗೆ ಸಂಕಟ. ವಿಜಯಪುರ, ಬಾಗಲಕೋಟೆಯ ಏಪ್ರಿಲ್–ಮೇನಲ್ಲಿ 40 ದಾಟುತ್ತದೆ. ಗಬ್ಬದ ಹೆಣ್ಣು ಎಲ್ಲಕ್ಕಿಂತ ಮೊದಲು ಬೀಳುತ್ತದೆ. ಪತ್ರಾಸ್ ಸೂರಿನ ಕೆಳಗೆ ಗೂಡು ಇಡಲೇಬೇಡಿ. ಮಾಳಿಗೆ ಮನೆ ಇದ್ದವರು ನಡುಮನೆಯ ನೆಲದ ಮೇಲಿಡಿ. ಒಂದು ಫರಸಿ ತುಂಡನ್ನು ನೀರಲ್ಲಿಟ್ಟು ಒರೆಸಿ ಗೂಡಿನ ಮೂಲೆಗೆ ಹಾಕಿ, ಬೇಕಾದಾಗ ಅದೇ ಬಂದು ಮಲಗುತ್ತದೆ. ಕೂಲರ್ ಗಾಳಿ ಕೋಣೆಗೆ ಬರಲಿ, ಗೂಡಿನ ಮೇಲೆ ನೇರ ಬೇಡ. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಚಿಂತೆ ಥಂಡಿಯದು: ಹುಲ್ಲಿಗೆ ಬೂಸ್ಟು ಹಿಡಿದರೆ ಇಡೀ ಕಟ್ಟನ್ನೇ ಎಸೆಯಿರಿ, ಗೂಡನ್ನು ನೆಲದಿಂದ ಒಂದು ಅಡಿ ಮೇಲಿಡಿ.

5. ಹೆರಿಗೆ

ಎಲ್ಲರೂ ಗಾಬರಿಯಾಗಿ ಕೆಲಸ ಕೆಡಿಸುವುದು ಇಲ್ಲೇ. ಗಿನಿಪಿಗ್ ಬೆಕ್ಕಿನಂತೆ ಗೂಡು ಕಟ್ಟುವುದಿಲ್ಲ, ಹಾಗಾಗಿ ಮುನ್ಸೂಚನೆ ಕಡಿಮೆ. ಒಂದೇ ನಂಬಿಕೆಯ ಗುರುತು ಸೊಂಟದ ಎಲುಬು. ಕೊನೆಯ ವಾರ, ಯೋನಿಯ ಸ್ವಲ್ಪ ಮುಂದೆ ಬೆರಳ ತುದಿಯನ್ನು ಹಗುರವಾಗಿ ಇಟ್ಟು ನೋಡಿ: ಎರಡು ಎಲುಬುಗಳ ನಡುವೆ ಒಂದು ಬೆರಳು ಹಿಡಿಸುವಷ್ಟು, ಅಂದರೆ ಸುಮಾರು ಒಂದೂವರೆ ಸೆಂ.ಮೀ. ಸಂದು ಬಿದ್ದಿದ್ದರೆ ದಿನ ಹತ್ತಿರ ಬಂತು. ದಿನಕ್ಕೆ ಒಮ್ಮೆ ಮಾತ್ರ ನೋಡಿ.

ನೋವು ಶುರುವಾದಾಗ ಹೆಣ್ಣು ಬಿಕ್ಕಳಿಸಿದಂತೆ ಮೈ ಕುಗ್ಗಿಸುತ್ತದೆ, ಕುಳಿತಲ್ಲೇ ತಲೆಯನ್ನು ಹೊಟ್ಟೆಯ ಕೆಳಗೆ ತೂರಿಸುತ್ತದೆ. ಮರಿಯ ತಲೆ ಕಂಡೊಡನೆ ಹಲ್ಲಿನಿಂದ ಹಿಡಿದು ಎಳೆದುಕೊಂಡು, ಪೊರೆ ಹರಿದು, ಮುಖ ನೆಕ್ಕುತ್ತದೆ. ‘ಮರಿಯನ್ನು ತಿನ್ನುತ್ತಿದೆ’ ಎಂದು ಕಿರುಚಿ ಕೈ ಹಾಕಬೇಡಿ. ಮರಿಗಳ ನಡುವೆ ಕೆಲವೇ ನಿಮಿಷಗಳ ಅಂತರ. ಎರಡರಿಂದ ನಾಲ್ಕು ಮರಿಗಳು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಹೊರಗೆ ಬಂದಿರುತ್ತವೆ. ಮಾಸನ್ನು ತಾಯಿ ತಿನ್ನುತ್ತದೆ, ತಿನ್ನಲಿ. ಬಾಯಿ, ಎದೆ ರಕ್ತವಾಗುವುದು ಅದಕ್ಕೇ.

ನೀವು ಕೈ ಹಾಕಬೇಕಾದ ಸಂದರ್ಭ ಒಂದೇ: ಎರಡು ಮರಿಗಳು ಒಂದರ ಬೆನ್ನಿಗೇ ಇನ್ನೊಂದು ಬಂದು, ತಾಯಿ ಮೊದಲನೆಯದನ್ನು ನೆಕ್ಕುತ್ತಿರುವಾಗ ಎರಡನೆಯದು ಪೊರೆಯೊಳಗೇ ಉಳಿದಾಗ. ಅರ್ಧ ನಿಮಿಷ ನೋಡಿ. ತಾಯಿ ತಿರುಗದಿದ್ದರೆ ತೊಳೆದ ಕೈಯಿಂದ ಮೂಗಿನ ಹತ್ತಿರ ಪೊರೆಯನ್ನು ಚಿವುಟಿ ಹರಿಯಿರಿ, ಒಣ ಬಟ್ಟೆಯಿಂದ ಮೂಗು, ಬಾಯಿ ಒರೆಸಿ, ಬೆನ್ನನ್ನು ಟವೆಲ್‌ನಿಂದ ರಪರಪ ಉಜ್ಜಿ. ಮರಿ ಕೀಚ್ ಎಂದೊಡನೆ ತಾಯಿಯ ಮೂಗಿನ ಮುಂದಿಡಿ. ಕಾಲು ಹಿಡಿದು ತೂಗಾಡಿಸುವ ವಿಡಿಯೊಗಳನ್ನು ನೋಡಿ ಹಾಗೆ ಮಾಡಬೇಡಿ. ಹೊಕ್ಕುಳ ಬಳ್ಳಿ ಎಳೆಯಬೇಡಿ, ಎರಡು ದಿನದಲ್ಲಿ ತಾನೇ ಒಣಗಿ ಉದುರುತ್ತದೆ.

ಗಡಿಯಾರ ನೋಡುತ್ತಿರಿ. ಜೋರಾಗಿ ಮುಕ್ಕರಿಸುತ್ತ 20 ನಿಮಿಷವಾದರೂ ಮರಿ ಬಾರದಿದ್ದರೆ, ರಕ್ತ ಮಾತ್ರ ಬರುತ್ತಿದ್ದರೆ, ಮರಿ ಅರ್ಧಕ್ಕೆ ಸಿಕ್ಕಿದ್ದರೆ ಗಾಡಿ ತೆಗೆಯಿರಿ. ದನ-ಎಮ್ಮೆ ನೋಡುವ ವೈದ್ಯರ ಬಳಿ ಹೋದರೆ ಒಂದು ಮಾತು ನೀವೇ ನೆನಪಿಸಿ: ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಗಿನಿಪಿಗ್‌ಗೆ ಆಗಿಬರುವುದಿಲ್ಲ. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಮನೆಯಲ್ಲಿ ಮಿಕ್ಕ ಮಾತ್ರೆಯ ಚೂರು ಕೊಡುವವರಿಗೂ ಇದೇ ಮಾತು.

6. ಮೊದಲ ವಾರ: ತಕ್ಕಡಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, 1 ಗ್ರಾಂ ತೋರಿಸಬೇಕು. ಬಟ್ಟಲಿಟ್ಟು ಸೊನ್ನೆಗೆ ತಂದು, ದಿನವೂ ಅದೇ ಹೊತ್ತಿಗೆ ಒಂದೊಂದೇ ಮರಿಯನ್ನು ತೂಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಹುಟ್ಟಿದಾಗ 70ರಿಂದ 100 ಗ್ರಾಂ ಒಳ್ಳೆಯ ತೂಕ. 60ಕ್ಕಿಂತ ಕಡಿಮೆ ಇದ್ದರೆ ಉಳಿಯುವುದು ಕಷ್ಟ. ಮೊದಲ ದಿನ ಎರಡು-ಮೂರು ಗ್ರಾಂ ಇಳಿದರೆ ಹೆದರಬೇಡಿ. ಮೂರನೆಯ ದಿನದಿಂದ ದಿನಕ್ಕೆ 3–5 ಗ್ರಾಂ ಏರಬೇಕು. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ: ಮರಿ ಓಡಾಡುತ್ತಲೇ ಇರುತ್ತದೆ, ಒಳಗೊಳಗೇ ಸೊರಗಿರುತ್ತದೆ. ಮರಿ ಮುಟ್ಟಿದರೆ ತಾಯಿ ಬಿಡುತ್ತದೆ ಎಂಬುದು ಗಿನಿಪಿಗ್ ವಿಷಯದಲ್ಲಿ ಸುಳ್ಳು.

ತಾಯಿ ಮಲಗಿ ಹಾಲೂಡುವುದಿಲ್ಲ, ಕುಳಿತೇ ಊಡುತ್ತದೆ, ಅದೂ ಸ್ವಲ್ಪ ಹೊತ್ತು. ಇದನ್ನು ನೋಡಿ ‘ಹಾಲು ಕೊಡುತ್ತಿಲ್ಲ’ ಎಂದು ಮರಿಯ ಬಾಯಿಗೆ ಎಮ್ಮೆಯ ಹಾಲು ಸುರಿಯುವುದು ಎರಡನೆಯ ದೊಡ್ಡ ತಪ್ಪು. ಒಂದು ಹನಿ ಶ್ವಾಸನಾಳಕ್ಕೆ ಹೋದರೂ ನ್ಯುಮೋನಿಯಾ, ಹೊಟ್ಟೆಗೆ ಹೋದರೆ ಭೇದಿ. ತಾಯಿಗೆ ಇರುವುದು ಎರಡೇ ಮೊಲೆ. ಮರಿ ನಾಲ್ಕಿದ್ದರೆ ಬಲವಾದವು ಸಣ್ಣದನ್ನು ನೂಕುತ್ತವೆ. ದೊಡ್ಡ ಎರಡನ್ನು ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಂದು ಗಂಟೆ ಬೇರೆ ಇಟ್ಟು ಸಣ್ಣವಕ್ಕೆ ದಾರಿ ಮಾಡಿಕೊಡಿ, ದಿನಕ್ಕೆ ಮೂರು ಸಲ. ಮನೆಯಲ್ಲಿ ಇನ್ನೊಂದು ಬಾಣಂತಿ ಹೆಣ್ಣಿದ್ದರೆ ಅದೂ ಊಡುತ್ತದೆ. ಎರಡನೆಯ ದಿನದಿಂದ ಮರಿಗಳು ಹುಲ್ಲು, ಪೆಲೆಟ್ ಕಡಿಯುತ್ತವೆ. ನೀರಲ್ಲಿ ನೆನೆಸಿ ಕಿವುಚಿದ ಪೆಲೆಟ್ ಅನ್ನು ಬಾಟಲಿಯ ಮುಚ್ಚಳದಲ್ಲಿಡಿ. ಸಿರಿಂಜ್ ಬೇಕೇಬೇಕಾದರೆ ಮರಿಯನ್ನು ನಿಂತ ಭಂಗಿಯಲ್ಲೇ ಹಿಡಿದು, ತುಟಿಯ ಪಕ್ಕಕ್ಕೆ ಒಂದು ಹನಿ ಇಟ್ಟು ಅದೇ ನೆಕ್ಕಲು ಬಿಡಿ, ಅಂಗಾತ ಮಲಗಿಸಿ ಒತ್ತಬೇಡಿ. ತಾಯಿ ಇಲ್ಲದ ಮರಿಗೆ ಪ್ರತಿ ಸಲ ಉಣಿಸಿದ ಮೇಲೆ ಹಸಿ ಹತ್ತಿಯಿಂದ ಹಿಂಭಾಗ ಒರೆಸಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು, ಇಲ್ಲದಿದ್ದರೆ ಮೂತ್ರ ಕಟ್ಟುತ್ತದೆ.

ಮರಿಗಳು ತಾಯಿಯ ಹಿಕ್ಕೆ ತಿನ್ನುತ್ತವೆ. ಕರುಳಿಗೆ ಬೇಕಾದ ಜೀವಿಗಳು ಬರುವುದೇ ಅದರಿಂದ, ಅಸಹ್ಯಪಟ್ಟು ತಾಸಿಗೊಮ್ಮೆ ಗುಡಿಸಬೇಡಿ. ಎಲ್ಲ ಮರಿಗಳ ತೂಕ ಒಟ್ಟಿಗೆ ನಿಂತರೆ ತಾಯಿಯ ಮೊಲೆ ನೋಡಿ: ಬಿಸಿ, ಗಟ್ಟಿ, ಕೆಂಪು-ನೀಲಿ ಇದ್ದರೆ ಕೆಚ್ಚಲುಬಾವು, ವೈದ್ಯರ ಕೆಲಸ.

7. ಇಪ್ಪತ್ತೊಂದನೆಯ ದಿನ

ಮೂರು ವಾರಕ್ಕೆ ಗಂಡು ಮರಿ ತನ್ನ ತಾಯಿಯನ್ನೇ ಗಬ್ಬ ಮಾಡಬಲ್ಲದು. ಇದನ್ನು ನಂಬದವರ ಮನೆಯಲ್ಲೇ ಎರಡು ತಿಂಗಳಿಗೆ ಮತ್ತೆ ಮರಿ. ಹುಟ್ಟಿದ ದಿನವನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, 21ನೆಯ ದಿನ ಗಂಡುಗಳನ್ನು ಬೇರೆ ಮಾಡಿ. ಅಷ್ಟರಲ್ಲಿ 250 ಗ್ರಾಂ ಮುಟ್ಟಿದ ಗಂಡನ್ನು ಇನ್ನೂ ಮೊದಲೇ ಎತ್ತಿ.

ಗಂಡೋ ಹೆಣ್ಣೋ ನೋಡಲು ನೆಲದ ಮೇಲೆ ಕುಳಿತುಕೊಳ್ಳಿ, ಜಾರಿ ಬಿದ್ದರೂ ಎಲುಬು ಉಳಿಯುತ್ತದೆ. ಅಂಗೈಯಲ್ಲಿ ಬೆನ್ನು ಒರಗಿಸಿ, ಕೆಲವೇ ಕ್ಷಣ ಹೊಟ್ಟೆ ಕಾಣುವಂತೆ ಹಿಡಿಯಿರಿ. ಹೆಣ್ಣಿನಲ್ಲಿ ಮಡಿಕೆಗಳು ಇಂಗ್ಲಿಷಿನ ವೈ ಅಕ್ಷರದ ಆಕಾರ. ಗಂಡಿನಲ್ಲಿ ಮೇಲೊಂದು ಚುಕ್ಕೆ, ಕೆಳಗೊಂದು ಗೆರೆ; ಚುಕ್ಕೆಯ ಮೇಲ್ಗಡೆ ಹೆಬ್ಬೆರಳಿನಿಂದ ಹಗುರವಾಗಿ ಒತ್ತಿದರೆ ಸಣ್ಣ ಕಡ್ಡಿಯಂತೆ ಲಿಂಗ ಹೊರಬರುತ್ತದೆ. ಮೊಲೆತೊಟ್ಟು ನೋಡಿ ತೀರ್ಮಾನಿಸಬೇಡಿ, ಅದು ಎರಡಕ್ಕೂ ಇರುತ್ತದೆ. ವೃಷಣ ಈ ವಯಸ್ಸಿಗೆ ಕಾಣುವುದಿಲ್ಲ. ಎಲ್ಲ ಮರಿಗಳನ್ನೂ ಒಂದೇ ಸಲ ಕೂತು ಹೋಲಿಸಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅನುಮಾನವಿದ್ದ ಮರಿಯನ್ನು ಒಂಟಿಯಾಗಿ, ಜಾಲರಿಯಾಚೆ ಒಡಹುಟ್ಟಿದವು ಕಾಣುವಂತೆ ಇಟ್ಟು ವಾರ ಬಿಟ್ಟು ಮತ್ತೆ ನೋಡಿ. ಗಂಡುಮರಿಗಳು ಅಪ್ಪನ ಗೂಡಿಗೆ, ಹೆಣ್ಣುಮರಿಗಳು ತಾಯಿಯ ಜೊತೆಗೇ.

ಕೊಡುವುದಿದ್ದರೆ ಐದಾರು ವಾರ ತುಂಬಲಿ. ಒಂದೇ ಮರಿ ಕೇಳುವವರಿಗೆ ಇಲ್ಲ ಎನ್ನಿ, ಎರಡು ಹೆಣ್ಣು ಅಥವಾ ಎರಡು ಗಂಡು ಎಂದು ಜೋಡಿಯಾಗಿ ಕೊಡಿ. ಜೊತೆಗೆ ಅವು ತಿನ್ನುತ್ತಿದ್ದ ಪೆಲೆಟ್ ಅರ್ಧ ಕಿಲೋ, ಒಂದು ಕಟ್ಟು ಹುಲ್ಲು ಕಟ್ಟಿ ಕಳಿಸಿ: ಹೊಸ ಮನೆ, ಹೊಸ ಮೇವು ಎರಡೂ ಒಟ್ಟಿಗೆ ಬಂದರೆ ಮರಿ ಮೊದಲ ದಿನವೇ ಬಾಯಿ ಕಟ್ಟಿ ಕೂರುತ್ತದೆ.