ಉಳುವ ಕೋಣನಿಗೊಂದು ಪದ್ಯ ಕಟ್ಟುವುದು ಹೇಗೆ?

ನಮ್ಮ ಕಾಸರಗೋಡಿನ ಕಡೆ ಗದ್ದೆ ಉತ್ತ ಕೋಣದ ಮೇಲೆ ಪದ್ಯ ಬರೀಬೇಕಾ? ಮೊದಲು ನಡಿಗೆ ಹಿಡಿಯಿರಿ. ಭಾಮಿನಿ ಷಟ್ಪದಿ ಅನ್ನುವ ಛಂದಸ್ಸಿನ 3+4 ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಎಣಿಕೆ) ಕೆಸರಲ್ಲಿ ಕಾಲೆಳೆದು ನಡೆದ ಹಾಗೇ ಇರುತ್ತದೆ, ಬೇಕಾದರೆ ತೊಡೆ ತಟ್ಟಿ ಹೇಳಿ ನೋಡಿ:

ಕೊಂಬು ಬಾಗಿದ ಕೋಣ ಬಂದಿತು
ತುಂಬು ಕೆಸರಲಿ ಹೆಜ್ಜೆ ಊರಿತು

ಕೊಂಬು, ತುಂಬು: ಎರಡನೇ ಅಕ್ಷರ ಒಂದೇ, ಅದೇ ಆದಿಪ್ರಾಸ. ಸಿಗದಿದ್ದರೆ ಸುಮ್ನೆ ಬಿಡಿ. ಪ್ರಾಸಕ್ಕೋಸ್ಕರ ಕೋಣದ ಕೊರಳಿಗೆ ಇಲ್ಲದ ಗಂಟೆ ಕಟ್ಟುವವರೂ ಇದ್ದಾರೆ! ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲೇ ಆ ಪ್ರಾಸ ಬಿಟ್ಟು ಬರೆದವರು, ಅಲ್ವಾ?

ಇನ್ನು ಪುನರಾವರ್ತನೆ. ನೇಗಿಲು ಬದುವಿನ ಹತ್ತಿರ ತಿರುಗುವಾಗ ಉಳುವವನು ಕೂಗು ಹಾಕುತ್ತಾನಲ್ಲ, ಪದ್ಯದಲ್ಲೂ ನಾಲ್ಕು ಸಾಲಿಗೊಮ್ಮೆ, ಅರ್ಥ ಹೊರಳುವ ಜಾಗದಲ್ಲೇ, ‘ಎಳೆಯೊ ಕೋಣನೆ’ ಬರಲಿ. ಜಾಸ್ತಿ ಬಂದರೆ ಕೋಣಕ್ಕಿಂತ ಮೊದಲು ಓದುವವರೇ ಸುಸ್ತು.